ಕನ್ನಡ ಕುಲಪುರೋಹಿತ ಆಲೂರು ವೆಂಕಟರಾಯರು ಮತ್ತು ಧಾರವಾಡದ ಇತಿಹಾಸ ಮಂಡಳ

ನಮ್ಮ ಊರುಗಳಲ್ಲಿ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಅಗಸೆಯ ಬಳಿಯಲ್ಲಿ ನಿಂತ ಬರಹದ ಕಲ್ಲುಗಳನ್ನು ನಾವೆಲ್ಲರೂ ಕಂಡಿದ್ದೇವೆ. ಕೆಲವು ಕಲ್ಲುಗಳಿಗೆ ಎಣ್ಣೆ ಕುಂಕುಮಗಳ ಸೇವೆ ನಡೆಯುತ್ತದೆ; ಕೆಲವು ಬಟ್ಟೆ ಒಗೆಯುವ ಹಾಸುಗಲ್ಲುಗಳಾಗಿವೆ; ಮತ್ತೆ ಕೆಲವು ಹೊಸ ಕಟ್ಟಡದ ಅಡಿಪಾಯದಲ್ಲಿ ಅಡಗಿಹೋಗಿವೆ. ಪೂಜಿಸುವವರೂ ಒಗೆಯುವವರೂ ಆ ಕಲ್ಲಿನ ಮೇಲೆ ಏನು ಬರೆದಿದೆ ಎಂಬುದನ್ನು ಕೇಳುವುದಿಲ್ಲ. ಕೆರೆ ಕಟ್ಟಿಸಿದವನ ಹೆಸರು, ಮಠಕ್ಕೆ ಭೂಮಿ ಬಿಟ್ಟವಳ ಹೆಸರು, ತುರುಗಳನ್ನು ಕಾಯುವಾಗ ಮಡಿದ ವೀರನ ಹೆಸರು ಕಣ್ಣ ಮುಂದಿದ್ದರೂ ನಮಗೆ ಅವು ಅಪರಿಚಿತವಾಗಿವೆ. ಈ ಮರೆವು ಒಂದು ಊರಿನದಲ್ಲ, ಇಡೀ ನಾಡಿನದು ಎಂದು ಮನಗಂಡು, ಅದನ್ನು ಕಳೆಯುವುದಕ್ಕಾಗಿ ತಮ್ಮ ವಕೀಲಿ ವೃತ್ತಿಯನ್ನೂ ಸುಖವನ್ನೂ ಬದಿಗಿರಿಸಿದ ಮಹನೀಯರು ಆಲೂರು ವೆಂಕಟರಾಯರು. ಕರ್ನಾಟಕದ ಏಕೀಕರಣದ ಪ್ರವರ್ತಕರೆಂದು ಅವರನ್ನು ನಾಡು ಸ್ಮರಿಸುತ್ತದೆ. ಆದರೆ ಆ ಏಕೀಕರಣಕ್ಕೆ ತಳಹದಿಯಾದ ಅವರ ಇತಿಹಾಸ ಕಾರ್ಯವು ಅಷ್ಟಾಗಿ ಸ್ಮರಣೆಗೆ ಬರುವುದಿಲ್ಲ. ಆ ಕಾರ್ಯದ ಪರಿಚಯವನ್ನು ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಜನನ ಮತ್ತು ವಿದ್ಯಾಭ್ಯಾಸ

ವೆಂಕಟರಾಯರು ಇ. ಸ. 1880ನೆಯ ಜುಲೈ 12ರಂದು ವಿಜಾಪುರದಲ್ಲಿ ಜನಿಸಿದರು. ತಂದೆ ಭೀಮರಾಯರು, ತಾಯಿ ಭಾಗೀರಥಿಬಾಯಿ. ತಂದೆಯವರು ಸರಕಾರದ ಕಂದಾಯ ಇಲಾಖೆಯಲ್ಲಿ ನೌಕರಿಯಲ್ಲಿದ್ದರು. ಧಾರವಾಡದಲ್ಲಿ ಶಾಲೆಯ ಶಿಕ್ಷಣವನ್ನು ಮುಗಿಸಿದ ಮೇಲೆ ವೆಂಕಟರಾಯರು ಉಚ್ಚ ಶಿಕ್ಷಣಕ್ಕಾಗಿ ಪುಣೆಯ ಫರ್ಗ್ಯುಸನ್ ಕಾಲೇಜನ್ನು ಸೇರಿದರು. ಮುಂಬಯಿ ವಿಶ್ವವಿದ್ಯಾಲಯದ ಬಿ. ಎ. ಪದವಿಯನ್ನು 1903ರಲ್ಲಿಯೂ ಕಾಯಿದೆಯ ಪದವಿಯನ್ನು 1905ರಲ್ಲಿಯೂ ಪಡೆದರು.

ಪುಣೆಯ ವಾಸವು ಅವರ ಜೀವನಕ್ಕೆ ಒಂದು ತಿರುವನ್ನು ಕೊಟ್ಟಿತು. ಲೋಕಮಾನ್ಯ ತಿಲಕರ ಪ್ರಭಾವವು ಆಗ ಅಲ್ಲಿ ಉತ್ತುಂಗದಲ್ಲಿತ್ತು. ತಿಲಕರು 1893ರಿಂದ ಗಣೇಶೋತ್ಸವವನ್ನು ಸಾರ್ವಜನಿಕ ಹಬ್ಬವನ್ನಾಗಿ ಮಾಡಿದ್ದರು. 1896ರಲ್ಲಿ ರಾಯಗಡದಲ್ಲಿ ಶಿವಾಜಿ ಉತ್ಸವವನ್ನು ನಡೆಯಿಸಿದ್ದರು. ಒಂದು ಜನಾಂಗವು ತನ್ನ ಪೂರ್ವಜರನ್ನು ಕೂಡಿ ನೆನೆದಾಗ ಅದರಲ್ಲಿ ಎಂತಹ ಚೈತನ್ಯ ಮೂಡುತ್ತದೆ ಎಂಬುದನ್ನು ಕನ್ನಡದ ಈ ತರುಣನು ಪ್ರತ್ಯಕ್ಷವಾಗಿ ಕಂಡನು. ಜೊತೆಗೆ ಒಂದು ನೋವೂ ಅವನನ್ನು ಕಾಡಿತು. ಮಹಾರಾಷ್ಟ್ರದ ಇತಿಹಾಸವು ಅವನಿಗೆ ತಿಳಿದಿತ್ತು, ಇಂಗ್ಲೆಂಡಿನ ಇತಿಹಾಸವು ತಿಳಿದಿತ್ತು. ತಾನು ಹುಟ್ಟಿದ ನಾಡಿನ ಇತಿಹಾಸವು ಮಾತ್ರ ತಿಳಿದಿರಲಿಲ್ಲ. ದೋಷವು ಅವನೊಬ್ಬನದಾಗಿರಲಿಲ್ಲ. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಪ್ರಾಬಲ್ಯವು ಬಹುಕಾಲ ನಡೆದುಬಂದಿತ್ತು. ಡೆಪ್ಯುಟಿ ಚನ್ನಬಸಪ್ಪನವರಂತಹ ಹಿರಿಯರ ಶ್ರಮದಿಂದ ಕನ್ನಡ ಶಾಲೆಗಳು ಬೆಳೆದು, 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಗಿತ್ತು. ಭಾಷೆಗೆ ಒಂದು ನೆಲೆಯು ದೊರೆತಿತ್ತು. ನಾಡಿನ ನೆನಪಿಗೆ ಇನ್ನೂ ನೆಲೆ ದೊರೆತಿರಲಿಲ್ಲ.

ಹಂಪೆಯ ದರ್ಶನ

1905ರಲ್ಲಿ ವೆಂಕಟರಾಯರು ಹಂಪೆಗೆ ಹೋದರು. ವಿರೂಪಾಕ್ಷನ ಸನ್ನಿಧಿಯಲ್ಲಿ ನಿಂತು, ಸುತ್ತಲೂ ಹರಡಿದ ಅರಮನೆ, ಬಜಾರು, ಗುಡಿಗಳ ಅವಶೇಷಗಳನ್ನು ನೋಡಿದಾಗ ಅವರ ಮನಸ್ಸಿನಲ್ಲಿ ಅಪೂರ್ವವಾದ ಕಳವಳವು ಉಂಟಾಯಿತು. ತಮ್ಮ ಜೀವನದ ಕಾರ್ಯವು ತಮಗೆ ಹೊಳೆದುದು ಅಂದೇ ಎಂದು ಅವರು ತಿಳಿದಿದ್ದರು. ಆ ದಿನದ ಅನುಭವವನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

ಹಂಪೆಯಲ್ಲಿ ಅವರ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ತುಂಗಭದ್ರೆಯ ಈ ದಡದ ಹಂಪೆಯು ಆಗ ಮದ್ರಾಸು ಇಲಾಖೆಯ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ದಡದ ಆನೆಗೊಂದಿಯು ನಿಜಾಮರ ಸಂಸ್ಥಾನದಲ್ಲಿತ್ತು. ಒಂದೇ ರಾಜಧಾನಿಯ ಎರಡು ಭಾಗಗಳು ಎರಡು ಸರಕಾರಗಳಿಗೆ ಸೇರಿಹೋಗಿದ್ದವು. ಉಳಿದ ರಾಜಧಾನಿಗಳ ಸ್ಥಿತಿಯೂ ಹಾಗೆಯೇ ಇತ್ತು. ಕದಂಬರ ಬನವಾಸಿಯೂ ಚಾಲುಕ್ಯರ ಬಾದಾಮಿಯೂ ಮುಂಬಯಿ ಇಲಾಖೆಯಲ್ಲಿದ್ದವು. ರಾಷ್ಟ್ರಕೂಟರ ಮಾನ್ಯಖೇಟವೂ, ಬಸವಾದಿ ಪ್ರಮಥರ ಪಾದಸ್ಪರ್ಶದಿಂದ ಪುನೀತವಾದ ಕಲ್ಯಾಣವೂ ನಿಜಾಮರ ರಾಜ್ಯದಲ್ಲಿದ್ದವು. ಹೊಯ್ಸಳರ ಹಳೇಬೀಡು ಮೈಸೂರು ಸಂಸ್ಥಾನದಲ್ಲಿತ್ತು. ಚಿಕ್ಕ ದೊಡ್ಡ ಸಂಸ್ಥಾನಗಳನ್ನೆಲ್ಲ ಎಣಿಸಿದರೆ ಕನ್ನಡಿಗರು ಸುಮಾರು 20 ಆಡಳಿತಗಳಲ್ಲಿ ಹಂಚಿಹೋಗಿದ್ದರು. ಅಧಿಕಾರಿಗಳ ನಕಾಶೆಯನ್ನು ನೋಡಿದರೆ ಕರ್ನಾಟಕವೆಂಬುದು ಎಲ್ಲಿಯೂ ಕಾಣುತ್ತಿರಲಿಲ್ಲ. ಶಾಸನಗಳನ್ನು ಓದಿದರೆ ಮಾತ್ರ ಅದು ಎದ್ದು ಕಾಣುತ್ತಿತ್ತು. ಇತಿಹಾಸವನ್ನು ಅರಿಯದ ಹೊರತು ಕನ್ನಡಿಗನು ತಾನು ಯಾರೆಂಬುದನ್ನು ಅರಿಯಲಾರನು ಎಂಬ ನಿರ್ಣಯಕ್ಕೆ ವೆಂಕಟರಾಯರು ಬಂದರು.

ಮಂಡಳದ ಸ್ಥಾಪನೆ

ಧಾರವಾಡಕ್ಕೆ ಮರಳಿ ವಕೀಲಿಯನ್ನು ಆರಂಭಿಸಿದರೂ ಅವರ ಮನಸ್ಸು ಅದರಲ್ಲಿ ನಿಲ್ಲಲಿಲ್ಲ. ವಿದ್ಯಾವರ್ಧಕ ಸಂಘಕ್ಕೆ ಅವರು ಹೊಸ ಚೇತನವನ್ನು ತಂದರು. ಸಂಘದ ಮಾಸಪತ್ರಿಕೆಯಾದ ವಾಗ್ಭೂಷಣದ ಸಂಪಾದಕತ್ವವನ್ನು ವಹಿಸಿಕೊಂಡರು. 1907ರಲ್ಲಿ ವಿದ್ಯಾರಣ್ಯರ ಚರಿತ್ರೆಯನ್ನು ಬರೆದು ಪ್ರಕಟಿಸಿದರು. 1907 ಮತ್ತು 1908ರಲ್ಲಿ ಧಾರವಾಡದಲ್ಲಿ ಗ್ರಂಥಕರ್ತರ ಸಮ್ಮೇಳನಗಳನ್ನು ಕೂಡಿಸಿದರು. ಬೇರೆ ಬೇರೆ ಸರಕಾರಗಳ ಪ್ರಜೆಗಳಾಗಿದ್ದ ಲೇಖಕರು ಒಂದೇ ಮಂಟಪದಲ್ಲಿ ಕುಳಿತು ಒಂದೇ ಭಾಷೆಯ ಹಿತವನ್ನು ಚಿಂತಿಸಿದ್ದು ಆ ಕಾಲಕ್ಕೆ ಹೊಸತಾಗಿತ್ತು. 1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸಾಹಿತ್ಯ ಪರಿಷತ್ತಿಗೆ ಇಂತಹ ಕೂಟಗಳೇ ಹಾದಿಯನ್ನು ಮಾಡಿಕೊಟ್ಟವು.

ಇಷ್ಟರಲ್ಲಿ ಕರ್ನಾಟಕದ ಇತಿಹಾಸದ ಮೇಲೆ ಪಂಡಿತರ ಬರಹಗಳು ಸಾಕಷ್ಟು ಬಂದಿದ್ದವು. ಫ್ಲೀಟರು ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು 1882ರಲ್ಲಿಯೇ ಬರೆದಿದ್ದರು. ರಾಮಕೃಷ್ಣ ಗೋಪಾಳ ಭಾಂಡಾರಕರರ ದಖ್ಖಣದ ಪ್ರಾಚೀನ ಇತಿಹಾಸವು 1884ರಲ್ಲಿ ಹೊರಬಂದಿತ್ತು. ಮೈಸೂರಿನಲ್ಲಿ ರೈಸರು ಸಾವಿರಾರು ಶಾಸನಗಳನ್ನು ಸಂಪುಟಗಳಲ್ಲಿ ಅಚ್ಚು ಹಾಕಿಸುತ್ತಿದ್ದರು. ಸೂಯೆಲರ ವಿಜಯನಗರದ ಇತಿಹಾಸವು 1900ರಲ್ಲಿ ಪ್ರಕಟವಾಗಿತ್ತು. ಆದರೆ ಇವೆಲ್ಲ ಗ್ರಂಥಗಳ ವಿವೇಚನೆಯು ಇಂಗ್ಲಿಷ್ ಭಾಷೆಯಲ್ಲಿತ್ತು. ಯಾವ ರೈತನ ಹೊಲದ ಬದುವಿನಲ್ಲಿ ಶಾಸನವಿತ್ತೋ, ಯಾವ ಮಾಸ್ತರನು ಅದರ ಪಕ್ಕದಲ್ಲಿಯೇ ಪಾಠ ಹೇಳುತ್ತಿದ್ದನೋ, ಅವರಿಗೆ ಆ ವಿದ್ಯೆಯು ತಲುಪಿರಲಿಲ್ಲ. ಪಂಡಿತರ ಗ್ರಂಥಕ್ಕೂ ಊರಿನ ಜನಕ್ಕೂ ನಡುವೆ ಒಂದು ಸೇತುವೆಯು ಬೇಕಾಗಿತ್ತು. ಪುಣೆಯಲ್ಲಿ 1910ರಲ್ಲಿ ರಾಜವಾಡೆಯವರು ಭಾರತ ಇತಿಹಾಸ ಸಂಶೋಧಕ ಮಂಡಳವನ್ನು ಕಟ್ಟಿದ್ದರು. ನಾಲ್ಕು ವರ್ಷಗಳ ತರುವಾಯ, 1914ರಲ್ಲಿ, ವೆಂಕಟರಾಯರು ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಮಂಡಳವನ್ನು ಸ್ಥಾಪಿಸಿದರು.

ಮಂಡಳದ ಕಾರ್ಯವು ಮೂರು ಬಗೆಯದಾಗಿತ್ತು. ಮೊದಲನೆಯದು, ಸ್ಥಳಗಳ ದರ್ಶನ ಮತ್ತು ಸಾಮಗ್ರಿಯ ಸಂಗ್ರಹ. ಎರಡನೆಯದು, ಉಪನ್ಯಾಸ ಮತ್ತು ಲೇಖನಗಳಿಂದ ಆ ತಿಳಿವಳಿಕೆಯನ್ನು ಕನ್ನಡದಲ್ಲಿ ಹರಡುವುದು. ಮೂರನೆಯದು, ಉತ್ಸವಗಳ ಮೂಲಕ ಜನರನ್ನು ಕೂಡಿಸುವುದು. ವೆಂಕಟರಾಯರು ಊರೂರು ತಿರುಗಿ ಭಾಷಣಗಳನ್ನು ಮಾಡಿದರು. ಪುಲಿಕೇಶಿಯು ಹರ್ಷವರ್ಧನನನ್ನು ತಡೆದುದನ್ನೂ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗವು ಹುಟ್ಟಿದುದನ್ನೂ ಕೇಳಿದ ಜನರಿಗೆ, ತಮ್ಮೂರಿನ ಮುರುಕು ಗುಡಿಯು ಒಂದು ದೊಡ್ಡ ಕಥೆಯ ಅಂಗವೆಂದು ಮೊದಲ ಸಲ ಗೊತ್ತಾಯಿತು.

ಗತವೈಭವ

ಈ ಪರಿಶ್ರಮದ ಫಲವಾಗಿ 1917ರಲ್ಲಿ ಕರ್ನಾಟಕ ಗತವೈಭವವೆಂಬ ಗ್ರಂಥವು ಪ್ರಕಟವಾಯಿತು. ಕನ್ನಡ ಅರಸುಮನೆತನಗಳ ಪ್ರತಾಪ, ಧರ್ಮ, ಸಾಹಿತ್ಯ, ಶಿಲ್ಪಗಳನ್ನು ಸಾಮಾನ್ಯ ಓದುಗನಿಗೆ ಮನಮುಟ್ಟುವಂತೆ ಅದರಲ್ಲಿ ನಿರೂಪಿಸಲಾಗಿದೆ. ಅದು ಹೊಸ ಶಾಸನಗಳನ್ನು ಬೆಳಕಿಗೆ ತಂದ ಸಂಶೋಧನಗ್ರಂಥವಲ್ಲ. ಪಂಡಿತರು ಅಗೆದು ತೆಗೆದ ಅದಿರನ್ನು ಕರಗಿಸಿ ಜನರ ಕೈಗೆ ನಾಣ್ಯವನ್ನಾಗಿ ಕೊಟ್ಟ ಗ್ರಂಥ. ಅದನ್ನು ಓದಿ ನಾಡಸೇವೆಗೆ ತೊಡಗಿದವರು ಒಂದು ತಲೆಮಾರಿನಲ್ಲಿಯೇ ಅನೇಕರಿದ್ದರು.

ಇತಿಹಾಸದ ಅರಿವು ಕ್ರಮೇಣ ರಾಜಕೀಯ ಸಂಕಲ್ಪವಾಗಿ ಪರಿಣಮಿಸಿತು. 1916ರಲ್ಲಿ ಕರ್ನಾಟಕ ಸಭೆಯು ಹುಟ್ಟಿತು. 1920ರಲ್ಲಿ ಧಾರವಾಡದಲ್ಲಿ ಕರ್ನಾಟಕ ರಾಜಕೀಯ ಪರಿಷತ್ತು ಕೂಡಿತು. ಅದೇ ವರ್ಷದ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷಾವಾರು ಪ್ರಾಂತಗಳ ತತ್ತ್ವವನ್ನು ಒಪ್ಪಿಕೊಂಡು ಕರ್ನಾಟಕಕ್ಕೆ ಪ್ರತ್ಯೇಕ ಪ್ರಾಂತಿಕ ಸಮಿತಿಯನ್ನು ಕೊಟ್ಟಿತು. 1924ರಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನವು ನಡೆದಾಗ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲನೆಯ ಏಕೀಕರಣ ಪರಿಷತ್ತೂ ಅಲ್ಲಿಯೇ ಜರುಗಿತು. 1922ರಲ್ಲಿ ವೆಂಕಟರಾಯರು ಆರಂಭಿಸಿದ ಜಯಕರ್ನಾಟಕ ಮಾಸಪತ್ರಿಕೆಯು ಈ ವಿಚಾರಗಳಿಗೆ ವಾಹಿನಿಯಾಯಿತು. ತಿಲಕರ ಗೀತಾರಹಸ್ಯವನ್ನು ಅವರು ಕನ್ನಡಕ್ಕೆ ತಂದರು. 1930ರಲ್ಲಿ ಮೈಸೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯು ಅವರನ್ನು ಅರಸಿಕೊಂಡು ಬಂದಿತು.

ಅಭಿಮಾನ ಮತ್ತು ಸತ್ಯ

ಅವರ ಇತಿಹಾಸ ಕಾರ್ಯದಲ್ಲಿ ಬಂದೊದಗಿದ ಒಂದು ಕಠಿನ ಪ್ರಸಂಗವನ್ನು ಮರೆಮಾಡುವುದು ಉಚಿತವಲ್ಲ. ವಿದ್ಯಾರಣ್ಯರು ವಿಜಯನಗರವನ್ನು ಸ್ಥಾಪಿಸಿದರೆಂಬ ನಂಬಿಕೆಯು ವೆಂಕಟರಾಯರಿಗೆ ಪ್ರಾಣಸಮಾನವಾಗಿತ್ತು. ಅವರ ಮೊದಲ ಕೃತಿಗಳಲ್ಲಿ ಒಂದು ಅದೇ ಮಹಾತ್ಮರ ಚರಿತ್ರೆ. 1929ರಲ್ಲಿ ಮುಂಬಯಿಯ ಪಾದ್ರಿ ಹೆರಾಸರು ಪ್ರಕಟಿಸಿದ ಗ್ರಂಥವು, ಆ ಕಥೆಯು ಬಹುಕಾಲದ ತರುವಾಯ ಶೃಂಗೇರಿಯಲ್ಲಿ ರಚಿತವಾದುದೆಂದು ವಾದಿಸಿತು. ಹರಿಹರ ಸಹೋದರರು ಯಾವ ನಾಡಿನವರೆಂಬ ವಿಷಯದಲ್ಲಿಯೂ ಕನ್ನಡ ಮತ್ತು ತೆಲುಗು ವಿದ್ವಾಂಸರ ನಡುವೆ ತೀವ್ರವಾದ ಚರ್ಚೆಯು ನಡೆಯಿತು. ಹರಿಹರ ಸಹೋದರರು 1346ರಲ್ಲಿ ಶೃಂಗೇರಿಯಲ್ಲಿ ಭಾರತೀತೀರ್ಥರಿಗೆ ದಾನ ಕೊಟ್ಟುದನ್ನು ಹೇಳುವ ಶಾಸನವು ನಿಸ್ಸಂದೇಹವಾದುದು. ಆದರೆ ವಿದ್ಯಾರಣ್ಯರನ್ನು ನಗರದ ಸ್ಥಾಪನೆಯೊಂದಿಗೆ ಕೂಡಿಸುವ ಶಾಸನಗಳಲ್ಲಿ ಹಲವು ತರುವಾಯದ ಕೃತಕ ರಚನೆಗಳೆಂದು ಅನೇಕ ವಿದ್ವಾಂಸರು ಈಗ ಎಣಿಸುತ್ತಾರೆ. ಆದುದರಿಂದ ವೆಂಕಟರಾಯರ ಗ್ರಂಥಗಳಲ್ಲಿಯ ಎಲ್ಲ ಮಾತುಗಳನ್ನೂ ಇಂದಿನ ಇತಿಹಾಸಕಾರನು ಒಪ್ಪಲಾರನು.

ಇದರಿಂದ ಅವರ ಹಿರಿಮೆಗೆ ಕುಂದುಂಟಾಯಿತೆ? ಇಲ್ಲವೆಂದೇ ಹೇಳಬೇಕು. ಒಬ್ಬನ ಅಭಿಮಾನವು ತಪ್ಪಬಹುದು. ಹತ್ತು ಜನರು ಕೂಡಿ ಆಧಾರಗಳನ್ನು ಪರೀಕ್ಷಿಸುವ ಸ್ಥಾನವಿದ್ದರೆ ಆ ತಪ್ಪಿಗೆ ತಿದ್ದುಪಡಿಯು ಸಾಧ್ಯವಾಗುತ್ತದೆ. ಅಂತಹ ಸ್ಥಾನವನ್ನು ಕಟ್ಟಿಕೊಟ್ಟವರೇ ಅವರು. ಇತಿಹಾಸ ಮಂಡಳವು ಮುಂದೆ ಕರ್ನಾಟಕ ಇತಿಹಾಸ ಸಂಶೋಧನ ಮಂಡಳವೆಂಬ ಹೆಸರನ್ನು ಧರಿಸಿತು. ಸಂಶೋಧನವೆಂಬ ಆ ಒಂದು ಪದದ ಸೇರ್ಪಡೆಯು ಚಿಕ್ಕದಾಗಿ ಕಂಡರೂ ಅರ್ಥದಲ್ಲಿ ದೊಡ್ಡದು. ಪ್ರೀತಿಯಿಂದ ಆರಂಭವಾದ ಕೆಲಸವು ಪ್ರಮಾಣದ ಶಿಸ್ತಿಗೆ ಒಳಗಾಯಿತು. 1939ರಲ್ಲಿ ಮುಂಬಯಿ ಸರಕಾರವು ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ತೆರೆದಾಗ, ಅದರ ಬೀಜವು ಬೇರೂರುವಂತಹ ನೆಲವು ಕಾಲು ಶತಮಾನದ ಶ್ರಮದಿಂದ ಹದವಾಗಿತ್ತು.

ವಿಜಯನಗರದ ಉತ್ಸವ

ಮಂಡಳದ ಕಾರ್ಯಗಳಲ್ಲಿ ಕಳಸಪ್ರಾಯವಾದುದು 1936ರ ವಿಜಯನಗರ ಷಟ್‌ಶತಮಾನೋತ್ಸವ. ಪರಂಪರೆಯ ಪ್ರಕಾರ 1336ರಲ್ಲಿ ಸ್ಥಾಪಿತವಾದ ಮಹಾನಗರಕ್ಕೆ 600 ವರ್ಷಗಳು ತುಂಬಿದ ಸಂದರ್ಭವದು. ವೆಂಕಟರಾಯರ ಮುಂದಾಳುತನದಲ್ಲಿ ಈ ಉತ್ಸವವು ಹಂಪೆಯಲ್ಲಿಯೇ ನೆರವೇರಿತು. ಬೇರೆ ಬೇರೆ ಆಡಳಿತಗಳ ಕನ್ನಡಿಗರು ತಮ್ಮ ಹಿರಿಯರ ರಾಜಧಾನಿಯಲ್ಲಿ ಬಂದು ನೆರೆದರು. ಉತ್ಸವದ ನೆನಪಿಗಾಗಿ ಇಂಗ್ಲಿಷಿನಲ್ಲಿ ಒಂದು ಸ್ಮಾರಕ ಸಂಪುಟವು ಧಾರವಾಡದಿಂದ ಪ್ರಕಟವಾಯಿತು. ಅದರಲ್ಲಿ ಬೇರೆ ಬೇರೆ ಪ್ರಾಂತಗಳ ವಿದ್ವಾಂಸರು ಲೇಖನಗಳನ್ನು ಬರೆದರು. ಮಂಟಪದಲ್ಲಿ ಜಯಕಾರ, ಸಂಪುಟದಲ್ಲಿ ವಿಚಾರ. ಒಂದು ಇತಿಹಾಸ ಸಂಸ್ಥೆಯ ಉತ್ಸವವು ಹೇಗಿರಬೇಕೆಂಬುದಕ್ಕೆ ಇದು ಆದರ್ಶವಾಗಿ ನಿಲ್ಲುತ್ತದೆ. ಜಾತ್ರೆಯು ಮುಗಿದ ಮೇಲೆ ಹೂವು ಬಾಡುತ್ತದೆ, ತೋರಣವು ಒಣಗುತ್ತದೆ, ಗ್ರಂಥವು ಉಳಿಯುತ್ತದೆ. ಆ ಸಂಪುಟವನ್ನು ಸಂಶೋಧಕರು ತರುವಾಯದ ಕಾಲದಲ್ಲಿಯೂ ಉಪಯೋಗಿಸುತ್ತ ಬಂದಿದ್ದಾರೆ. ಹಂಪೆಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಸೇರಿದವು. ಅದಕ್ಕೆ ಐವತ್ತು ವರ್ಷಗಳ ಹಿಂದೆ ಅಲ್ಲಿ ದೀಪವನ್ನು ಹಚ್ಚಿದವರನ್ನು ಮರೆಯುವಂತಿಲ್ಲ.

ಇಬ್ಬರು ಸಮಕಾಲೀನರು

ವೆಂಕಟರಾಯರನ್ನು ನೆನೆಯುವಾಗ ಪೂಜ್ಯ ಫ. ಗು. ಹಳಕಟ್ಟಿಯವರ ನೆನಪು ತಾನಾಗಿಯೇ ಬರುತ್ತದೆ. ಹಳಕಟ್ಟಿಯವರು 1880ನೆಯ ಜುಲೈ 2ರಂದು ಜನಿಸಿದರು. ವೆಂಕಟರಾಯರು ಅವರಿಗಿಂತ ಹತ್ತೇ ದಿನ ಚಿಕ್ಕವರು. ಧಾರವಾಡದಲ್ಲಿ ಹುಟ್ಟಿದ ಹಳಕಟ್ಟಿಯವರು ವಿಜಾಪುರವನ್ನು ಕರ್ಮಭೂಮಿಯನ್ನಾಗಿ ಮಾಡಿಕೊಂಡರು. ವಿಜಾಪುರದಲ್ಲಿ ಹುಟ್ಟಿದ ವೆಂಕಟರಾಯರು ಧಾರವಾಡವನ್ನು ಆರಿಸಿಕೊಂಡರು. ಇಬ್ಬರೂ ವಕೀಲರು, ಇಬ್ಬರೂ ಆ ವೃತ್ತಿಯ ಸಂಪಾದನೆಗಿಂತ ನಾಡಿನ ಸಂಪತ್ತನ್ನು ದೊಡ್ಡದೆಂದು ಬಗೆದವರು. ಒಬ್ಬರು ಕಲ್ಲಿನ ಬರಹದಲ್ಲಿ ನಾಡನ್ನು ಹುಡುಕಿದರೆ, ಇನ್ನೊಬ್ಬರು ಮಠಮನೆಗಳ ಓಲೆಗರಿಗಳಲ್ಲಿ ಶರಣರ ವಚನಗಳನ್ನು ಹುಡುಕಿ, ಹಿತಚಿಂತಕ ಮುದ್ರಣಾಲಯವನ್ನು ಹಾಕಿ, 1926ರಿಂದ ಶಿವಾನುಭವ ಪತ್ರಿಕೆಯನ್ನು ನಡೆಯಿಸಿದರು. 1926ರ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಹಳಕಟ್ಟಿಯವರು ಅಧ್ಯಕ್ಷರು. 1930ರ ಮೈಸೂರಿನದಕ್ಕೆ ವೆಂಕಟರಾಯರು. 1964ರಲ್ಲಿ ಕೆಲವೇ ತಿಂಗಳುಗಳ ಅಂತರದಲ್ಲಿ ಇಬ್ಬರೂ ಲೋಕಯಾತ್ರೆಯನ್ನು ಮುಗಿಸಿದರು. ವೆಂಕಟರಾಯರು ಮಾಧ್ವ ಸಿದ್ಧಾಂತದಲ್ಲಿ ನಿಷ್ಠೆಯುಳ್ಳವರು; ಹಳಕಟ್ಟಿಯವರು ಶರಣ ಧರ್ಮದ ಉಪಾಸಕರು. ಆಚಾರವು ಬೇರೆಯಾದರೂ ನಾಡಿನ ನೆನಪನ್ನು ಉಳಿಸುವ ಕಾಯಕದಲ್ಲಿ ಅವರು ಒಂದೇ ದಾರಿಯ ಪಯಣಿಗರಾಗಿದ್ದರು.

ಸಂಕಲ್ಪದ ಸಿದ್ಧಿ

ಇಳಿವಯಸ್ಸಿನಲ್ಲಿ ವೆಂಕಟರಾಯರು ರಾಜಕೀಯದಿಂದ ದೂರ ಸರಿದು ಅಧ್ಯಾತ್ಮ ಚಿಂತನೆಯಲ್ಲಿಯೂ ಗ್ರಂಥರಚನೆಯಲ್ಲಿಯೂ ಕಾಲವನ್ನು ಕಳೆದರು. ತಮ್ಮ ಬದುಕಿನ ಕಥೆಯನ್ನು ನನ್ನ ಜೀವನ ಸ್ಮೃತಿಗಳು ಎಂಬ ಹೆಸರಿನಲ್ಲಿ ಬರೆದಿಟ್ಟರು. 1956ನೆಯ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಆಗ ಅವರಿಗೆ 76 ವರ್ಷ. ಆ ವೃದ್ಧರು ಹಂಪೆಗೆ ಹೋಗಿ ಭುವನೇಶ್ವರಿಗೆ ಪೂಜೆಯನ್ನು ಸಲ್ಲಿಸಿದರು. ಸುಮಾರು ಅರ್ಧ ಶತಮಾನದ ಹಿಂದೆ ಯಾವ ನೆಲದಲ್ಲಿ ನಿಂತು ಕಣ್ಣೀರು ತಂದಿದ್ದರೋ, ಅದೇ ನೆಲದಲ್ಲಿ ಅಂದು ಕೃತಾರ್ಥರಾಗಿ ನಿಂತರು. ಆದರೂ ಒಂದು ಕೊರತೆಯು ಉಳಿದಿತ್ತು. ಒಂದಾದ ರಾಜ್ಯಕ್ಕೆ ಮೈಸೂರೆಂಬ ಹೆಸರೇ ಇತ್ತು. ಅವರು ಜೀವಮಾನವೆಲ್ಲ ಜಪಿಸಿದ ಕರ್ನಾಟಕವೆಂಬ ಹೆಸರು 1973ನೆಯ ನವೆಂಬರ್ 1ರಂದು ಬಂದಿತು. ಅದನ್ನು ಕೇಳಲು ಅವರು ಇರಲಿಲ್ಲ. 1964ನೆಯ ಫೆಬ್ರುವರಿ 25ರಂದು ಧಾರವಾಡದ ಆ ಹಿರಿಯ ಜೀವವು ನಂದಿಹೋಗಿತ್ತು.

ನಮ್ಮ ಕರ್ತವ್ಯ

ನಾಡು ಒಂದಾಗಿದೆ, ಹೆಸರೂ ದೊರೆತಿದೆ. ಆದರೆ ಊರಿನ ಕಲ್ಲು ಇನ್ನೂ ಅಲ್ಲಿಯೇ ಬಿದ್ದಿದೆ. ರಸ್ತೆ ಅಗಲವಾಗುವಾಗ, ಗುಡಿಯ ಜೀರ್ಣೋದ್ಧಾರವಾಗುವಾಗ, ಹೊಲವು ಮಾರಾಟವಾಗುವಾಗ ಅದು ಒಡೆದುಹೋಗುವ ಭಯವು ವೆಂಕಟರಾಯರ ಕಾಲಕ್ಕಿಂತ ಇಂದು ಹೆಚ್ಚಾಗಿದೆ. ಓಲೆಗರಿಯ ಕಟ್ಟುಗಳು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿವೆ. ಇವುಗಳನ್ನು ಕಾಯುವುದಕ್ಕೆ ಮಹಾವಿದ್ವತ್ತು ಬೇಕಾಗಿಲ್ಲ, ಸಾಮಾನ್ಯ ಎಚ್ಚರವು ಸಾಕು. ಶಿಕ್ಷಕರು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಊರಿನ ಶಾಸನದ ಬಳಿಗೆ ಕರೆದೊಯ್ದು, ಅದು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಬರೆಯಿಸಬಹುದು. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಕಡತಗಳನ್ನೂ ಹಸ್ತಪ್ರತಿಗಳನ್ನೂ ಬಲ್ಲವರಿಗೆ ತೋರಿಸಬಹುದು. ದಾನಿಗಳು ಕಟ್ಟಡಕ್ಕೆ ಕೊಡುವ ಕಾಣಿಕೆಯಲ್ಲಿ ಒಂದು ಅಲ್ಪಾಂಶವನ್ನು ಊರಿನ ಚರಿತ್ರೆಯ ಸಂಗ್ರಹಕ್ಕೆಂದು ತೆಗೆದಿರಿಸಬಹುದು. ದಾನಶಾಸನಗಳನ್ನು ಹಿಂದಿನವರು ಕಲ್ಲಿನಲ್ಲಿ ಕೆತ್ತಿಸಿದ್ದು ಮುಂದಿನವರು ಓದಲೆಂದೇ ಅಲ್ಲವೆ?

ನೆನಪನ್ನು ಉಳಿಸುವಾಗ ವೆಂಕಟರಾಯರಿಂದ ನಾವು ಎರಡು ಪಾಠಗಳನ್ನು ಕಲಿಯಬೇಕಾಗಿದೆ. ಪ್ರೀತಿಯಿಲ್ಲದವನು ಇತಿಹಾಸದ ಕೆಲಸಕ್ಕೆ ತೊಡಗಲಾರನು. ಇದನ್ನು ಅವರ ಬದುಕು ಕಲಿಸುತ್ತದೆ. ಪ್ರೀತಿಯೊಂದೇ ಸಾಲದು, ಪ್ರಮಾಣವೂ ಬೇಕು. ಇದನ್ನು ಅವರು ಕಟ್ಟಿದ ಮಂಡಳವು ಕಲಿಸುತ್ತದೆ. ನಮ್ಮ ಮಕ್ಕಳು ತಮ್ಮ ಊರಿನ ಕಲ್ಲಿನ ಮುಂದೆ ಕೈಮುಗಿಯುವುದರ ಜೊತೆಗೆ ಅದನ್ನು ಓದುವುದನ್ನೂ ಕಲಿತರೆ ಆ ಪುಣ್ಯಪುರುಷರ ಋಣವು ಅಲ್ಪಮಟ್ಟಿಗಾದರೂ ತೀರೀತು.